ದೂರ್ವಾಸನಿಲ್ಲದ ಶಾಪ

ಶಾಪದ ಕತೆಯೆಂದರೆ ನಮಗೆಲ್ಲ ಬಹಳ ಪ್ರೀತಿ. ಕರ್ಣನಿಗೆ ಪರಶುರಾಮರ ಶಾಪ, ಪಾಂಡುವಿಗೆ ಋಷಿಯ ಶಾಪ, ಯಾದವರಿಗೆ ಗಾಂಧಾರಿಯ ಶಾಪ, ತಲಕಾಡಿಗೂ ಮೈಸೂರಿನ ಅರಸರಿಗೂ ಅಲಮೇಲಮ್ಮನ ಶಾಪ. ಒಂದು ಮನೆತನ ಏಕೆ ಹಾಳಾಯಿತು, ಒಬ್ಬ ವೀರ ಏಕೆ ಸೋತ ಎಂದು ಯಾರಾದರೂ ಕೇಳಿದರೆ ಹತ್ತು ಕಾರಣ ಹುಡುಕುವ ಕಷ್ಟವೇ ಬೇಡ. ಒಂದು ಶಾಪವಿದ್ದರೆ ಸಾಕು. ಹೇಳುವವರಿಗೂ ಸುಲಭ, ಕೇಳುವವರಿಗೂ ಸಮಾಧಾನ.

ಇಂಥದೇ ಶಾಪದ ಕತೆಯೊಂದು ಅಮೆರಿಕದ ಬಾಸ್ಟನ್ ನಗರದಲ್ಲಿದೆ. ಅದು ತಗುಲಿದ್ದು ರೆಡ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡಕ್ಕೆ. ಆ ಶಾಪ ವಿಮೋಚನೆಯಾದದ್ದು 2004ರ ಅಕ್ಟೋಬರಿನಲ್ಲಿ, ಬದ್ಧವೈರಿಗಳಾದ ನ್ಯೂಯಾರ್ಕಿನ ಯಾಂಕೀಸ್ ತಂಡದ ವಿರುದ್ಧ ನಡೆದ ಏಳು ಪಂದ್ಯಗಳ ಸರಣಿಯಲ್ಲಿ ಎಂದು ಅಲ್ಲಿಯವರು ಹೇಳುತ್ತಾರೆ. ಅದರ ಮೇಲೆ ಪುಸ್ತಕಗಳು ಬಂದಿವೆ, ಸಿನಿಮಾ ಬಂದಿದೆ, ಸಾಕ್ಷ್ಯಚಿತ್ರಗಳು ಬಂದಿವೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಮತ್ತು ಕನ್ನಡ ಕಲಿಸುವ ನನಗೂ ಈ ಆಟಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಮಗಳು, ಅಳಿಯ ಬಾಸ್ಟನ್ನಿನ ಹತ್ತಿರ ಇದ್ದಾರೆ. ಎರಡು ಬೇಸಿಗೆ ರಜೆಗಳನ್ನು ನಾನು ಅವರ ಮನೆಯಲ್ಲಿ ಕಳೆದೆ. ಹಳೆಯ ಪಂದ್ಯಗಳನ್ನೆಲ್ಲ ಟೀವಿಯಲ್ಲಿ ಹಾಕಿ, "ಅತ್ತೆ, ಇದೊಂದು ನೋಡಿ, ನಿಮಗೆ ಮಹಾಭಾರತ ನೋಡಿದ ಹಾಗಾಗುತ್ತದೆ" ಎಂದು ನನ್ನನ್ನು ಕೂರಿಸಿದವನು ಅಳಿಯ. ಅವನ ಮಾತು ನಿಜವೇ ಆಯಿತು. ಆದರೆ ಅವನು ಎಣಿಸಿದ ಅರ್ಥದಲ್ಲಿ ಅಲ್ಲ.

ಆಟದ ನಿಯಮ ನಮಗೆ ಬೇಕಾದಷ್ಟನ್ನು ಮಾತ್ರ ಹೇಳಿಬಿಡುತ್ತೇನೆ. ಒಂದೊಂದು ತಂಡಕ್ಕೂ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲಿ ಮೂವರು ಔಟಾದರೆ ಮುಗಿಯಿತು. ಚೆಂಡು ಹೊಡೆದವನು ಮೂರು ಬೇಸುಗಳನ್ನು ದಾಟಿ ಮನೆಗೆ, ಅಂದರೆ ಹೊರಟಲ್ಲಿಗೇ, ಮರಳಿದರೆ ಒಂದು ರನ್. ಚೆಂಡು ಎಸೆಯುವ ಪಿಚರ್ ನಾಲ್ಕು ಸಲ ತಪ್ಪು ಜಾಗಕ್ಕೆ ಎಸೆದರೆ ಬ್ಯಾಟು ಬೀಸದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಎಷ್ಟು ಇನ್ನಿಂಗ್ಸ್ ಆದರೂ ಸರಿ, ಸಮವಾಗಿ ಮುಗಿಸುವ ಹಾಗಿಲ್ಲ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ಸರಣಿ ಗೆದ್ದಂತೆ. ಇಷ್ಟು ಸಾಕು.

ಇನ್ನು ಶಾಪದ ಕತೆ. ಬಾಸ್ಟನ್ ತಂಡ 1903ರಿಂದ 1918ರೊಳಗೆ ಐದು ಸಲ ವಿಶ್ವ ಸರಣಿ ಗೆದ್ದಿತ್ತು. ಅಲ್ಲಿ ಬೇಬ್ ರೂತ್ ಎಂಬ ಮಹಾ ಆಟಗಾರನಿದ್ದ. ಬ್ಯಾಂಬಿನೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಮಗು. ಅದು ಅವನ ಅಡ್ಡಹೆಸರು. ತಂಡದ ಮಾಲೀಕ ಹ್ಯಾರಿ ಫ್ರೇಜಿ ನಾಟಕಗಳನ್ನು ಹೂಡುತ್ತಿದ್ದ ಮನುಷ್ಯ, ಸಾಲಗಾರ. ಅವನು 1919ರ ಡಿಸೆಂಬರಿನಲ್ಲಿ ರೂತ್‌ನನ್ನು ಯಾಂಕೀಸ್ ತಂಡಕ್ಕೆ ಮಾರಿದ. ಆಮೇಲೆ ಯಾಂಕೀಸ್ 2000ದ ಹೊತ್ತಿಗೆ 26 ಸಲ ವಿಶ್ವ ಸರಣಿ ಗೆದ್ದರು. ಬಾಸ್ಟನ್ ಒಂದೂ ಇಲ್ಲ. ಮಗುವನ್ನು ಮಾರಿದ ಪಾಪಕ್ಕೆ ತಗುಲಿದ ಶಾಪ ಇದು. ಕತೆ ಚೆನ್ನಾಗಿದೆ, ಅಲ್ಲವೇ?

ಆದರೆ ಮೇಷ್ಟರಿಕೆಯ ಅಭ್ಯಾಸ, ಇಸವಿಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿದೆ. ಶಾಪದ ಈ ಮಾತು ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ಮನೆಮಾತಾದದ್ದು 1990ರಲ್ಲಿ ಡ್ಯಾನ್ ಶಾನೆಸಿ ಎಂಬ ಪತ್ರಕರ್ತರ ಪುಸ್ತಕ ಬಂದ ಮೇಲೆ. ಅಂದರೆ ಪಾಪ ನಡೆದು ಎಪ್ಪತ್ತು ವರ್ಷವಾದ ಮೇಲೆ ಶಾಪ ಹುಟ್ಟಿದೆ! ಇನ್ನೊಂದು ಮಾತು: 'ನೋ, ನೋ, ನ್ಯಾನೆಟ್' ಎಂಬ ಸಂಗೀತ ನಾಟಕಕ್ಕೆ ಹಣ ಹೊಂದಿಸಲು ಫ್ರೇಜಿ ರೂತ್‌ನನ್ನು ಮಾರಿದ ಎಂದು ಬಹಳ ಜನ ನಂಬಿದ್ದಾರೆ. ಆ ನಾಟಕ ಬ್ರಾಡ್‌ವೇಗೆ ಬಂದದ್ದು 1925ರಲ್ಲಿ. ಆರು ವರ್ಷ ಮುಂಚಿತವಾಗಿ ಯಾರಾದರೂ ಹಣ ಹೊಂದಿಸಿಟ್ಟುಕೊಳ್ಳುತ್ತಾರೆಯೇ? ನಾಟಕದವರ ಮೇಲೆ ಗೂಬೆ ಕೂರಿಸುವುದು ಎಲ್ಲ ಊರಿನಲ್ಲೂ ಸುಲಭ, ಅಷ್ಟೆ. ನಿಜವಾಗಿ ನಡೆದದ್ದು ಬರಿಯ ಲೆಕ್ಕಪತ್ರದ ವ್ಯವಹಾರ. ಯಾಂಕೀಸ್ ಮಾಲೀಕರು ರೂತ್‌ನ ಬೆಲೆಯ ಜೊತೆಗೆ ಫ್ರೇಜಿಗೆ ಮೂರು ಲಕ್ಷ ಡಾಲರ್ ಸಾಲವನ್ನೂ ಕೊಟ್ಟರು; ಅದಕ್ಕೆ ಬಾಸ್ಟನ್ನಿನ ಫೆನ್‌ವೇ ಮೈದಾನವೇ ಅಡವಾಯಿತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ವೈಟ್ ಹಾಯ್ಟ್, ಹರ್ಬ್ ಪೆನಾಕ್ ಮುಂತಾದ ಪಿಚರ್‌ಗಳೂ ಅದೇ ದಾರಿ ಹಿಡಿದರು. ತಂಡ ನಡೆಸುತ್ತಿದ್ದ ಎಡ್ ಬ್ಯಾರೋ ಕೂಡ ನ್ಯೂಯಾರ್ಕಿಗೆ ಹೋದರು. ಕೊಟ್ಟಿಗೆ ಖಾಲಿ ಮಾಡಿ ಕೂತವನಿಗೆ ಹಾಲಿಲ್ಲದಿದ್ದರೆ ಅದಕ್ಕೆ ಶಾಪವೇ ಬೇಕೆ?

ಇಲ್ಲಿ ನನಗೆ ಶಕುಂತಲೆ ನೆನಪಾಗುತ್ತಾಳೆ. ಮೂಲ ಮಹಾಭಾರತದಲ್ಲಿ ದೂರ್ವಾಸನೂ ಇಲ್ಲ, ಉಂಗುರವೂ ಇಲ್ಲ. ಮಗನನ್ನು ಕರೆದುಕೊಂಡು ಸಭೆಗೆ ಬಂದ ಹೆಂಡತಿಯ ಗುರುತು ದುಷ್ಯಂತನಿಗೆ ಚೆನ್ನಾಗಿಯೇ ಇದೆ. ಇದ್ದೂ ಇಲ್ಲವೆನ್ನುತ್ತಾನೆ. ಅಶರೀರವಾಣಿ ಆದ ಮೇಲೆ, ಜನ ಏನಾದರೂ ಅಂದುಕೊಂಡಾರೆಂದು ಹಾಗೆ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಕಾಳಿದಾಸನಿಗೆ ಇಂಥ ನಾಯಕ ಒಗ್ಗಲಿಲ್ಲ. ದೂರ್ವಾಸನನ್ನು ತಂದು ಶಾಪ ಕೊಡಿಸಿದ. ರಾಜ ಮರೆತ, ಆದ್ದರಿಂದ ರಾಜ ನಿರ್ದೋಷಿ. ತಪ್ಪು ಯಾರದೆಂದರೆ, ಗಂಡನ ಧ್ಯಾನದಲ್ಲಿ ಅತಿಥಿಯನ್ನು ಗಮನಿಸದೆ ಕೂತ ಹುಡುಗಿಯದು! ಕಾವ್ಯವಾಗಿ ಶಾಕುಂತಲಕ್ಕೆ ಸಾಟಿಯಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪಾಠ ಮಾಡುವಾಗ ಹೆಣ್ಣುಮಕ್ಕಳಿಗೆ ಒಂದು ಪ್ರಶ್ನೆ ಕೇಳದೆ ಮುಂದೆ ಹೋಗುವುದಿಲ್ಲ: ಈ ಶಾಪದಿಂದ ಯಾರಿಗೆ ಅನುಕೂಲವಾಯಿತು?

ಬಾಸ್ಟನ್ನಿನ ಶಾಪಕ್ಕೂ ಅದೇ ಪ್ರಶ್ನೆ ಕೇಳಿ ನೋಡೋಣ. 1945ರ ಏಪ್ರಿಲ್ 16ರಂದು ಮೂವರು ಕಪ್ಪು ಆಟಗಾರರನ್ನು ಫೆನ್‌ವೇ ಮೈದಾನಕ್ಕೆ ಪರೀಕ್ಷೆಗೆಂದು ಕರೆಸಿದ್ದರು. ಆಗ ದೊಡ್ಡ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಗರಸಭೆಯ ಸದಸ್ಯರೊಬ್ಬರ ಒತ್ತಾಯಕ್ಕೆ ಮಣಿದು ತಂಡ ಹೂಂಗುಟ್ಟಿತ್ತು. ಹುಡುಗರು ಚೆನ್ನಾಗಿ ಆಡಿದರು. ಆದರೆ ಅವರಿಗೆ ಕರೆ ಬರಲೇ ಇಲ್ಲ. ಆ ಮೂವರಲ್ಲಿ ಒಬ್ಬರು ಜಾಕಿ ರಾಬಿನ್‌ಸನ್. ಎರಡು ವರ್ಷದ ಮೇಲೆ, 1947ರಲ್ಲಿ, ಬ್ರೂಕ್ಲಿನ್ ತಂಡಕ್ಕೆ ಆಡಿ ಇಡೀ ಅಮೆರಿಕದ ಚರಿತ್ರೆಯನ್ನೇ ಬದಲಿಸಿದವರು. ಇನ್ನೊಬ್ಬರು ಸ್ಯಾಮ್ ಜೆತ್ರೋ. ಅವರು 1950ರಲ್ಲಿ ಅದೇ ಬಾಸ್ಟನ್ನಿನ ಇನ್ನೊಂದು ತಂಡಕ್ಕೆ ಆಡಿ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿದರು. ರೆಡ್ ಸಾಕ್ಸ್ ತಂಡಕ್ಕೆ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಬಂದದ್ದು 1959ರ ಜುಲೈಯಲ್ಲಿ. ಆ ಹೊತ್ತಿಗೆ ಉಳಿದ ಎಲ್ಲ ತಂಡಗಳೂ ಆ ಕೆಲಸ ಮಾಡಿಯಾಗಿತ್ತು. ಯಾಂಕೀಸ್ ಕೂಡ ಈ ವಿಷಯದಲ್ಲಿ ಹಿಂದೆಬಿದ್ದವರೇ, 1955ರವರೆಗೆ ಕಾದವರು. ಆದರೂ ಕಟ್ಟಕಡೆಯ ಸ್ಥಾನ ಬಾಸ್ಟನ್ನಿನದು.

ಹನ್ನೆರಡು ವರ್ಷಗಳ ಕಾಲ ದೇಶದ ಒಳ್ಳೊಳ್ಳೆಯ ಆಟಗಾರರಿಗೆ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡ ತಂಡ, ಆಮೇಲೆ ನಮಗೆ ಸತ್ತವನ ಶಾಪ ತಟ್ಟಿದೆ ಎಂದರೆ ಏನೆನ್ನಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶಾಪದ ಕತೆಯಲ್ಲಿ ನನಗೆ ಆಕ್ಷೇಪವಿರುವುದು ಇಲ್ಲಿಯೇ. ಅದು ಮೂಢನಂಬಿಕೆ ಎಂಬ ಕಾರಣಕ್ಕಲ್ಲ. ತಮಾಷೆಗೆ ಹೇಳುವ ಕತೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದರ ಗದ್ದಲದಲ್ಲಿ 1919ರ ಒಂದು ಮಾರಾಟ ದೊಡ್ಡ ಪಾಪವಾಗಿ, 1945ರ ಅನ್ಯಾಯ ಅಡಿಟಿಪ್ಪಣಿಯಾಗಿಬಿಟ್ಟಿತು.

ಶಾಪಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಅದಕ್ಕೆ ಆಗಾಗ ಒಂದು ಬಲಿ ಬೇಕು. 1986ರ ವಿಶ್ವ ಸರಣಿಯ ಆರನೆಯ ಪಂದ್ಯದಲ್ಲಿ ಬಿಲ್ ಬಕ್ನರ್ ಎಂಬ ಹಿರಿಯ ಆಟಗಾರನ ಕಾಲುಗಳ ನಡುವೆ ಚೆಂಡು ಉರುಳಿ ಹೋಯಿತು, ಬಾಸ್ಟನ್ ಸೋತಿತು. ಚೆಂಡು ಉರುಳುವ ಮೊದಲೇ ಇತರರ ಕೈಯಲ್ಲಿ ಪಂದ್ಯ ಸಮವಾಗಿ ಹೋಗಿತ್ತು ಎಂಬುದನ್ನು ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ಏಳನೆಯ ಪಂದ್ಯದಲ್ಲಿ ಮೂರು ರನ್ ಮುಂದಿದ್ದೂ ಸೋತದ್ದನ್ನೂ ಮರೆತರು. ವರ್ಷಗಟ್ಟಲೆ ಅವನೊಬ್ಬನೇ ಅಪರಾಧಿ. ನಮ್ಮಲ್ಲಿ ಇದಕ್ಕೊಂದು ಮಾತಿದೆ: ಕಾಲ್ಗುಣ. ಮಾವನ ಅಂಗಡಿಯ ಲೆಕ್ಕ ಹತ್ತು ವರ್ಷದಿಂದ ನೆಟ್ಟಗಿರುವುದಿಲ್ಲ. ಸೊಸೆ ಹೊಸಿಲು ತುಳಿದ ವರ್ಷ ಬಾಗಿಲು ಮುಚ್ಚಿದರೆ, "ಅವಳ ಕಾಲ್ಗುಣ ನೋಡಿ" ಎನ್ನುತ್ತಾರೆ. ಹೀಗೆ ಅನ್ನಿಸಿಕೊಂಡ ಹೆಂಗಸರು ನಿಮ್ಮ ಬೀದಿಯಲ್ಲೂ ಇದ್ದಾರೆ, ನಮ್ಮ ಬೀದಿಯಲ್ಲೂ ಇದ್ದಾರೆ. ಬಕ್ನರ್ ಬಾಸ್ಟನ್ನಿನ ಸೀಮೆ ಬಿಟ್ಟು ದೂರದ ಐಡಾಹೊ ರಾಜ್ಯಕ್ಕೆ ಹೋಗಿ ನೆಲೆಸಿದರು. 2008ರಲ್ಲಿ ಅವರನ್ನು ಫೆನ್‌ವೇಗೆ ಕರೆಸಿ ಮೊದಲ ಚೆಂಡು ಎಸೆಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ತಂಡ ಅಷ್ಟರಲ್ಲಿ ಎರಡು ಸಲ ಗೆದ್ದಾಗಿತ್ತು. ಗೆದ್ದ ಮೇಲೆ ಕ್ಷಮಿಸುವುದು ಕಷ್ಟವಲ್ಲ.

ಈಗ ಆ ಸರಣಿಗೆ ಬರುತ್ತೇನೆ. ಅದರ ಹಿಂದಿನ ವರ್ಷ, 2003ರಲ್ಲಿ, ಇವೇ ಎರಡು ತಂಡಗಳ ಏಳನೆಯ ಪಂದ್ಯದಲ್ಲಿ ಬಾಸ್ಟನ್ 5-2ರಿಂದ ಮುಂದಿತ್ತು. ಎಂಟನೆಯ ಇನ್ನಿಂಗ್ಸಿನಲ್ಲಿ ಪಿಚರ್ ಪೆಡ್ರೊ ಮಾರ್ಟಿನೆಜ್ ದಣಿದಿದ್ದರು. ಮ್ಯಾನೇಜರ್ ಅವರನ್ನು ಬದಲಿಸಲಿಲ್ಲ, ಪಂದ್ಯ ಸಮವಾಯಿತು. ಹನ್ನೊಂದನೆಯದರಲ್ಲಿ ಟಿಮ್ ವೇಕ್‌ಫೀಲ್ಡ್ ಎಸೆದ ಚೆಂಡನ್ನು ಯಾಂಕೀಸಿನ ಏರನ್ ಬೂನ್ ಆಚೆಗೆ ಬಾರಿಸಿ ಮುಗಿಸಿದರು. ಇಷ್ಟು ಸ್ಪಷ್ಟವಾದ ಕಾರಣ ಕಣ್ಣೆದುರಿಗಿದ್ದರೂ ಜನ ಮತ್ತೆ ಶಾಪವೆಂದರು.

2004ರಲ್ಲಿ ಮೊದಲ ಪಂದ್ಯ ಯಾಂಕೀಸಿಗೆ 10-7, ಎರಡನೆಯದು 3-1, ಮೂರನೆಯದು ಬಾಸ್ಟನ್ನಿನ ಸ್ವಂತ ಮೈದಾನದಲ್ಲಿ 19-8. ಮೊದಲ ಮೂರೂ ಸೋತು ಸರಣಿ ಗೆದ್ದ ತಂಡ ಅಮೆರಿಕದ ದೊಡ್ಡ ಲೀಗುಗಳ ಬೇಸ್‌ಬಾಲ್ ಚರಿತ್ರೆಯಲ್ಲಿಯೇ ಇರಲಿಲ್ಲ. ಆ 19-8ರ ರಾತ್ರಿಯನ್ನು ಅಳಿಯ ಬೇಗ ಬೇಗ ಓಡಿಸಿಬಿಡಲು ನೋಡಿದ. ನಾನು ಬಿಡಲಿಲ್ಲ. ಏಕೆಂದರೆ ಇಡೀ ಸರಣಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಕೆಲಸ ನಡೆದದ್ದು ಅಂದೇ. ಪಂದ್ಯ ಕೈತಪ್ಪಿತ್ತು. ಇನ್ನುಳಿದ ಇನ್ನಿಂಗ್ಸ್‌ಗಳಿಗೆ ಒಳ್ಳೆಯ ಪಿಚರ್‌ಗಳನ್ನೆಲ್ಲ ಬಳಸಿಬಿಟ್ಟರೆ ನಾಳೆಗೆ ಯಾರೂ ಇರುವುದಿಲ್ಲ. ನಾಲ್ಕನೆಯ ಪಂದ್ಯವನ್ನು ಆರಂಭಿಸುವ ಗೌರವ ವೇಕ್‌ಫೀಲ್ಡ್‌ಗೆ ಸಲ್ಲಬೇಕಾಗಿತ್ತು. ಅದನ್ನು ತಾವಾಗಿ ಬಿಟ್ಟುಕೊಟ್ಟು, ಸೋತ ಪಂದ್ಯದಲ್ಲಿ ಇಳಿದು, ಹೊಡೆತ ತಿನ್ನುತ್ತ ಮೂರು ಇನ್ನಿಂಗ್ಸಿಗೂ ಮಿಕ್ಕಿ ಎಸೆದರು. ಹಿಂದಿನ ವರ್ಷ ಸೋಲಿನ ಚೆಂಡು ಎಸೆದವರು ಇವರೇ ಎಂಬುದನ್ನು ನೆನಪಿಡಿ. ಚಪ್ಪಾಳೆಯಿಲ್ಲದ ಕೆಲಸ ಅದು. ಮದುವೆಮನೆಯಲ್ಲಿ ಎಲ್ಲರೂ ಮುಹೂರ್ತಕ್ಕೆ ಹೋದಾಗ ಅಡುಗೆಮನೆಯಲ್ಲಿ ಉಳಿದು ಒಲೆ ನೋಡಿಕೊಳ್ಳುವವರ ಕೆಲಸದಂಥದು.

ನಾಲ್ಕನೆಯ ಪಂದ್ಯ ಅಕ್ಟೋಬರ್ 17ರ ರಾತ್ರಿ. ಒಂಬತ್ತನೆಯ ಇನ್ನಿಂಗ್ಸ್, ಯಾಂಕೀಸ್ 4-3 ಮುಂದೆ, ಎಸೆಯುತ್ತಿರುವವರು ಪನಾಮಾ ದೇಶದ ಮರಿಯಾನೊ ರಿವೇರಾ, ಅಂಥ ಹೊತ್ತಿನಲ್ಲಿ ಅವರಷ್ಟು ನಂಬಿಕಸ್ತರು ಇನ್ನೊಬ್ಬರಿರಲಿಲ್ಲ. ಮೂವರು ಔಟಾದರೆ ಬಾಸ್ಟನ್ನಿನ ವರ್ಷವೇ ಮುಗಿದಂತೆ. ಕೆವಿನ್ ಮಿಲ್ಲರ್ ಬ್ಯಾಟು ಹಿಡಿದು ಬಂದರು. ಎಲ್ಲರೂ ದೊಡ್ಡ ಹೊಡೆತಕ್ಕೆ ಕಾದರು. ಅವರು ನಾಲ್ಕು ತಪ್ಪು ಚೆಂಡು ಎಣಿಸಿಕೊಂಡು ಮೊದಲ ಬೇಸಿಗೆ ನಡೆದುಹೋದರು. ಅವರ ಬದಲಿಗೆ ಓಡಲು ಬೆಂಚಿನಿಂದ ಎದ್ದು ಬಂದವರು ಡೇವ್ ರಾಬರ್ಟ್ಸ್. ತಂದೆ ಅಮೆರಿಕದ ಕಪ್ಪು ಸೈನಿಕ, ತಾಯಿ ಜಪಾನಿನವರು, ಹುಟ್ಟಿದ್ದು ಜಪಾನಿನ ಒಕಿನಾವಾದಲ್ಲಿ. ಚೆಂಡು ಎಸೆಯುವ ಹೊತ್ತಿಗೆ ಮುಂದಿನ ಬೇಸಿಗೆ ಕಳ್ಳ ಓಟ ಓಡುವುದು ಅವರ ವಿದ್ಯೆ. ಅವರು ಓಡುತ್ತಾರೆಂದು ಮೈದಾನದಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ರಿವೇರಾ ಮೂರು ಸಲ ಮೊದಲ ಬೇಸಿಗೇ ಚೆಂಡೆಸೆದು ಹೆದರಿಸಿದರು. ನಾಲ್ಕನೆಯ ಸಲ ಬ್ಯಾಟರಿಗೆ ಎಸೆದ ಕ್ಷಣ ರಾಬರ್ಟ್ಸ್ ಓಡಿಯೇಬಿಟ್ಟರು. ಕೂದಲೆಳೆಯ ಅಂತರದಲ್ಲಿ ಎರಡನೆಯ ಬೇಸ್ ಮುಟ್ಟಿದರು. ಬಿಲ್ ಮ್ಯೂಲರ್ ನೇರ ಹೊಡೆತ ಹೊಡೆದರು, ರಾಬರ್ಟ್ಸ್ ಮನೆ ಸೇರಿದರು, ಪಂದ್ಯ ಸಮ. ಹನ್ನೆರಡನೆಯ ಇನ್ನಿಂಗ್ಸಿನಲ್ಲಿ ಡೇವಿಡ್ ಒರ್ಟಿಜ್ ಹೊಡೆದ ಹೋಮ್ ರನ್ನಿಗೆ ಆಟ ಮುಗಿದಾಗ ರಾತ್ರಿ ಒಂದೂ ಕಾಲು ದಾಟಿತ್ತು.

ಹಳೆಯ ಆಟಗಾರ ಮೌರಿ ವಿಲ್ಸ್ ಹಿಂದೆ ರಾಬರ್ಟ್ಸ್‌ಗೆ ಈ ಓಟವನ್ನು ಕಲಿಸಿದ್ದರು. ನೀನು ಓಡುತ್ತೀಯೆಂದು ಇಡೀ ಮೈದಾನಕ್ಕೆ ಗೊತ್ತಿರುವ ಒಂದು ದಿನ ಬರುತ್ತದೆ, ಅಂದು ಅಂಜಬೇಡ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದರಂತೆ. ಕಲಿಸುವವರು ಇದಕ್ಕಿಂತ ಹೆಚ್ಚೇನು ಮಾಡಲಾದೀತು? ಕಲಿತದ್ದು ಎಂದು ಬೇಕಾಗುತ್ತದೋ ಮೇಷ್ಟರಿಗೂ ಗೊತ್ತಿರುವುದಿಲ್ಲ, ಮಕ್ಕಳಿಗೂ ಗೊತ್ತಿರುವುದಿಲ್ಲ.

ಐದನೆಯ ಪಂದ್ಯ 18ರ ಸಂಜೆ ಶುರುವಾಗಿ ಹದಿನಾಲ್ಕು ಇನ್ನಿಂಗ್ಸ್, ಆರು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ ನಡೆಯಿತು. ಕೊನೆಯ ಮೂರು ಇನ್ನಿಂಗ್ಸಿಗೆ ಮತ್ತೆ ಅದೇ ವೇಕ್‌ಫೀಲ್ಡ್. ಅವರ ಚೆಂಡು ತಿರುಗದೆ ತೇಲಿಕೊಂಡು ಬರುವಂಥದು, ಎತ್ತ ಹೋಗುತ್ತದೆಂದು ಹಿಡಿಯುವವನಿಗೂ ತಿಳಿಯುವುದಿಲ್ಲ. ಕ್ಯಾಚರ್ ವೇರಿಟೆಕ್ ಹದಿಮೂರನೆಯ ಇನ್ನಿಂಗ್ಸಿನಲ್ಲಿ ಮೂರು ಸಲ ಚೆಂಡು ಬಿಟ್ಟರು. ನನಗೇ ಉಸಿರು ಕಟ್ಟಿದಂತಾಯಿತು. ಆದರೂ ವೇಕ್‌ಫೀಲ್ಡ್ ಅಳುಕಲಿಲ್ಲ, ಒಂದು ರನ್ನೂ ಕೊಡಲಿಲ್ಲ. ಒರ್ಟಿಜ್ ಮತ್ತೆ ಗೆಲುವಿನ ಹೊಡೆತ ಹೊಡೆದರು. ಆರನೆಯದರಲ್ಲಿ ಕರ್ಟ್ ಶಿಲ್ಲಿಂಗ್ ಪಾದದ ಹತ್ತಿರ ಹೊಲಿಗೆ ಹಾಕಿಸಿಕೊಂಡು, ಕಾಲುಚೀಲದಲ್ಲಿ ರಕ್ತ ಒಸರುತ್ತಿದ್ದರೂ ಏಳು ಇನ್ನಿಂಗ್ಸ್ ಎಸೆದರು, 4-2. ಏಳನೆಯದು ನ್ಯೂಯಾರ್ಕಿನಲ್ಲೇ 10-3, ಅದರಲ್ಲಿ ಏನೂ ಉಳಿದಿರಲಿಲ್ಲ. ಒಂದು ವಾರದ ಮೇಲೆ, ಅಕ್ಟೋಬರ್ 27ರಂದು, ಸೇಂಟ್ ಲೂಯಿಸ್ ತಂಡವನ್ನು ಸೋಲಿಸಿ 86 ವರ್ಷಗಳ ನಂತರ ವಿಶ್ವ ಸರಣಿ ಗೆದ್ದರು. ಅಂದು ಚಂದ್ರಗ್ರಹಣ ಬೇರೆ! ಶಾಪದ ಕತೆ ಹೇಳುವವರಿಗೆ ಇನ್ನೇನು ಬೇಕು?

ಆ ಕತೆ ಹೇಳಿದವರ ಬಗ್ಗೆ ಎರಡು ಮಾತು. 2005ರಲ್ಲಿ ಬಂದ 'ಫೀವರ್ ಪಿಚ್' ಸಿನಿಮಾದಲ್ಲಿ ನಾಯಕ ನನ್ನಂತೆಯೇ ಶಾಲಾ ಮೇಷ್ಟರು, ರೆಡ್ ಸಾಕ್ಸ್ ಹುಚ್ಚಿನವನು. ನಾಯಕಿ ದೊಡ್ಡ ಹುದ್ದೆಯಲ್ಲಿರುವವಳು. ತಂಡ ಎಂದಿನಂತೆ ಸೋಲುತ್ತದೆಂದು ನಂಬಿ ಬರೆದುಕೊಂಡಿದ್ದ ಮುಕ್ತಾಯವನ್ನು, ತಂಡ ಗೆದ್ದುಬಿಟ್ಟದ್ದರಿಂದ ಬದಲಿಸಬೇಕಾಯಿತು. ಲವಲವಿಕೆಯ ಚಿತ್ರ, ನಗಿಸುತ್ತದೆ. ಆದರೆ ಕೊನೆಗೆ ಪ್ರೀತಿಯ ಪುರಾವೆಗಾಗಿ ತುಂಬಿದ ಮೈದಾನದ ನಡುವೆ ಅಷ್ಟೂ ಜನರೆದುರು ಓಡಬೇಕಾದವಳು ಅವಳೇ. ಅವನು ತನ್ನ ಟಿಕೆಟುಗಳನ್ನು ಮಾರಲು ಹೊರಟಿದ್ದ ಎನ್ನುವುದು ನಿಜ. ಅವನು ಮಾರಬಾರದೆಂದೇ ಅವಳು ಓಡುತ್ತಾಳೆ. ಅವನ ಆಸೆ ಉಳಿಯಿತು, ಪ್ರೀತಿಯೂ ಸಿಕ್ಕಿತು. ಅವಳ ಕೆಲಸದ ವಿಚಾರ ಅಷ್ಟರಲ್ಲಿ ಹಿಂದೆ ಸರಿಯುತ್ತದೆ.

2010ರ 'ಫೋರ್ ಡೇಸ್ ಇನ್ ಅಕ್ಟೋಬರ್' ಸಾಕ್ಷ್ಯಚಿತ್ರ ಇದಕ್ಕಿಂತ ಎಷ್ಟೋ ಮೇಲು. ಮೈದಾನದ ನಿಜವಾದ ದೃಶ್ಯ, ನಿಜವಾದ ಮಾತು. ನಾಲ್ಕನೆಯ ಪಂದ್ಯಕ್ಕೆ ಮುಂಚೆ ಮಿಲ್ಲರ್ ಎಲ್ಲರೊಡನೆ, ಇವತ್ತೊಂದು ದಿನ ನಮ್ಮನ್ನು ಗೆಲ್ಲಲು ಬಿಡಬೇಡಿ, ಬಿಟ್ಟರೆ ಕೆಟ್ಟಿರಿ ಎಂಬಂತೆ ನಗುತ್ತ ಹೇಳಿಕೊಂಡು ತಿರುಗುವುದನ್ನು ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ನನ್ನ ತಕರಾರು ಹೆಸರಿನಲ್ಲಿಯೇ ಇದೆ. ಗೆದ್ದ ನಾಲ್ಕು ದಿನ ಅವರ ಲೆಕ್ಕ. ವೇಕ್‌ಫೀಲ್ಡ್ ಹೊಡೆತ ತಿಂದ ಐದನೆಯ ದಿನ ಆ ಲೆಕ್ಕದ ಹೊರಗೆ ಉಳಿಯಿತು. ಆ ದಿನವಿಲ್ಲದೆ ಮಿಕ್ಕ ನಾಲ್ಕು ದಿನಗಳು ಇರುತ್ತಿದ್ದವೇ? ಅವರು 2023ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಶಾಪ ಬಿಟ್ಟದ್ದಾದರೂ ಹೇಗೆ? 2002ರ ಕೊನೆಗೆ ತಂಡದ ಆಡಳಿತವನ್ನು 28 ವರ್ಷದ ಥಿಯೋ ಎಪ್‌ಸ್ಟೈನ್ ಎಂಬವರ ಕೈಗೆ ಕೊಟ್ಟರು. ಲೆಕ್ಕ ಹಾಕಿ, ಬ್ಯಾಟು ಬೀಸದೆ ಕಾಯುವ ತಾಳ್ಮೆಯವರನ್ನು ಹುಡುಕಿದರು. ಇನ್ನೊಂದು ತಂಡ ಬೇಡವೆಂದು ಬಿಟ್ಟ ಒರ್ಟಿಜ್‌ರನ್ನು ಕರೆತಂದರು. 2004ರ ಜುಲೈ 31ರಂದು ರಾಬರ್ಟ್ಸ್ ಬಂದರು. ಒರ್ಟಿಜ್, ಪೆಡ್ರೊ ಇಬ್ಬರೂ ಡೊಮಿನಿಕನ್ ಗಣರಾಜ್ಯದ ಕಪ್ಪು ಜನ. 1945ರಲ್ಲಾಗಿದ್ದರೆ ಒರ್ಟಿಜ್, ಪೆಡ್ರೊ, ರಾಬರ್ಟ್ಸ್ ಮೂವರಿಗೂ ಫೆನ್‌ವೇಯ ಬಾಗಿಲು ತೆರೆಯುತ್ತಿರಲಿಲ್ಲ. ಶಾಪ ವಿಮೋಚನೆಯ ಕತೆಯನ್ನು ಯಾರಾದರೂ ಬರೆಯುವುದಾದರೆ ಇಲ್ಲಿಂದ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಫೆನ್‌ವೇ ಪಕ್ಕದ ರಸ್ತೆಗೆ, ಆ ದೀರ್ಘ ಕಾಲದಲ್ಲಿ ತಂಡದ ಮಾಲೀಕರಾಗಿದ್ದ ಟಾಮ್ ಯಾಕಿಯವರ ಹೆಸರಿತ್ತು. 2018ರಲ್ಲಿ ಆ ಹೆಸರು ತೆಗೆದು ಹಳೆಯ ಜರ್ಸಿ ಸ್ಟ್ರೀಟ್ ಎಂಬ ಹೆಸರನ್ನೇ ಇಟ್ಟರು. ಇದು ಸಣ್ಣ ಕೆಲಸವಲ್ಲ. ಆದರೆ ಅದರ ಮೇಲೆ ಯಾರೂ ಸಿನಿಮಾ ತೆಗೆದಂತೆ ಕಾಣೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದ ವರ್ಷ ಸ್ಟಾಫ್ ರೂಮುಗಳಲ್ಲಿ "ಈ ಬ್ಯಾಚಿನ ಹಣೆಬರಹವೇ ಇಷ್ಟು" ಎಂಬ ಮಾತು ಕೇಳುತ್ತದೆ. ಗಣಿತಕ್ಕೆ ಆರು ತಿಂಗಳು ಮೇಷ್ಟರೇ ಇರಲಿಲ್ಲ ಎಂಬುದನ್ನು ಯಾರಾದರೂ ಜ್ಞಾಪಿಸಿದರೆ ಆ ಮಾತು ಅಲ್ಲಿಗೆ ನಿಲ್ಲುತ್ತದೆ. ಮನೆಗಳಲ್ಲಿಯೂ ಹಾಗೆಯೇ. ಯಾರಾದರೂ ಗ್ರಹಚಾರ, ಕಾಲ್ಗುಣ, ಶಾಪ ಎಂದು ಶುರುಮಾಡಿದಾಗ ಜಗಳ ಬೇಡ, ವಾದವೂ ಬೇಡ. ಆ ವರ್ಷ ಏನೇನು ನಡೆಯಿತು, ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಂಗಳು ತಾರೀಖುಗಳ ಸಮೇತ ಸಮಾಧಾನದಿಂದ ಕೇಳಿದರೆ ಸಾಕು. ನಮ್ಮ ಹೆಣ್ಣುಮಕ್ಕಳಿಗೆ ನಾವು ಈ ಕೇಳುವ ಅಭ್ಯಾಸವನ್ನು ಹೇಳಿಕೊಡಬೇಕು. ಶಕುಂತಲೆಯ ಸಭೆಯಲ್ಲಿ ಹಾಗೆ ಕೇಳುವವರು ಒಬ್ಬರಿದ್ದಿದ್ದರೂ ಉಂಗುರದ ಅಗತ್ಯವೇ ಬೀಳುತ್ತಿರಲಿಲ್ಲ.